ಹಿಂಡಿನ ವೈದ್ಯನ ಶಿಕ್ಷಣ

೧

ಕನ್ನಡದಲ್ಲಿ ಪಶುವೈದ್ಯವನ್ನು ಕುರಿತ ಪ್ರಾಚೀನ ಗ್ರಂಥವೆಂದು ಹೆಸರಾದುದು ಕೀರ್ತಿವರ್ಮನ ‘ಗೋವೈದ್ಯ’. ಚಾಲುಕ್ಯ ರಾಜಕುಮಾರನಾದ ಈತನ ಕಾಲ ಸುಮಾರು ಕ್ರಿ.ಶ. ೧೧೨೫ ಎಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಗೋವುಗಳ ರೋಗಗಳಿಗೆ ಹೇಳಿದ ಔಷಧಗಳೊಡನೆ ಮಂತ್ರತಂತ್ರಗಳೂ ಈ ಕೃತಿಯಲ್ಲಿ ಬೆರೆತಿವೆ. ಅರಸುಮನೆತನದವನೊಬ್ಬನು ಹಸುವಿನ ಚಿಕಿತ್ಸೆಯನ್ನು ಗ್ರಂಥವಿಷಯವಾಗಿ ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಅಂದು ತುರುಹಿಂಡೇ ಸಂಪತ್ತು. ತುರುಗೋಳಿನಲ್ಲಿ ಶತ್ರುಗಳು ಅಟ್ಟಿಕೊಂಡು ಹೋದ ಹಿಂಡನ್ನು ಮರಳಿಸಲು ಹೋಗಿ ಮಡಿದವರ ವೀರಗಲ್ಲುಗಳು ಇಂದಿಗೂ ಕನ್ನಡ ನಾಡಿನ ಎಷ್ಟೋ ಊರುಗಳಲ್ಲಿ ನಿಂತಿವೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಸಂಪತ್ತನ್ನು ಎಣಿಸಿದುದು ಹಿಂಡಿನ ಲೆಕ್ಕದಲ್ಲಿ. ಚಿಕಿತ್ಸೆಯನ್ನು ಮಾಡಿದುದು ಒಂದೊಂದು ಹಸುವಿನ ಲೆಕ್ಕದಲ್ಲಿ. ರೋಗ ಬಂದ ದನವನ್ನು ವೈದ್ಯನ ಬಳಿಗೆ ಒಯ್ಯುವುದು, ಇಲ್ಲವೆ ವೈದ್ಯನನ್ನು ಕೊಟ್ಟಿಗೆಗೆ ಕರೆತರುವುದು, ಇದೇ ಬಹುಕಾಲದ ಪದ್ಧತಿ. ಆಧುನಿಕ ಪಶುವೈದ್ಯ ಕಾಲೇಜುಗಳೂ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಬೆಳೆದವು. ಆದರೆ ಹಾಲಿಗಾಗಿ, ಮಾಂಸಕ್ಕಾಗಿ, ಮೊಟ್ಟೆಗಾಗಿ ಸಾಕುವ ಪ್ರಾಣಿಗಳ ವಿಷಯದಲ್ಲಿ ಈ ಕ್ರಮವೊಂದೇ ಸಾಲದು. ಇಡೀ ಹಿಂಡನ್ನು ಒಂದು ರೋಗಿಯಂತೆ ಕಂಡು, ಅದರ ಆರೋಗ್ಯವನ್ನೂ ಉತ್ಪಾದನೆಯನ್ನೂ ಕೂಡಿಸಿ ನೋಡುವ ಶಾಸ್ತ್ರವೊಂದು ಕಳೆದ ಕೆಲವು ದಶಕಗಳಲ್ಲಿ ರೂಪುಗೊಂಡಿದೆ. ಇದನ್ನು ಉತ್ಪಾದನಾ ವೈದ್ಯವೆಂದು ಕರೆಯಬಹುದು. ಈ ಶಾಸ್ತ್ರದಲ್ಲಿ ವಿದ್ಯಾರ್ಥಿಗಳನ್ನು ಹೇಗೆ ತಯಾರು ಮಾಡಬೇಕೆಂಬ ಪ್ರಶ್ನೆಯನ್ನು ಪುಣೆಯ ಪರಿಸರವನ್ನು ಆಧಾರವಾಗಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಭಾರತದ ಪಶುವೈದ್ಯದ ಇತಿಹಾಸದಲ್ಲಿ ಪುಣೆಯ ಹೆಸರು ಬಹು ಮೊದಲಿಗೆ ಬರುತ್ತದೆ. ೧೮೬೨ರಲ್ಲಿ ಇಲ್ಲಿ ಸೈನ್ಯದ ಪಶುವೈದ್ಯ ಶಾಲೆಯೊಂದು ಆರಂಭವಾಯಿತು. ಸೈನ್ಯಕ್ಕೆ ಬೇಕಾದುದು ಕುದುರೆ. ಅಂದಿನ ಪಶುವೈದ್ಯನ ಮುಖ್ಯ ರೋಗಿಯೂ ಕುದುರೆಯೇ. ಅನಂತರ ಲಾಹೋರಿನಲ್ಲಿ ೧೮೮೨ರಲ್ಲಿಯೂ ಮುಂಬಯಿಯಲ್ಲಿ ೧೮೮೬ರಲ್ಲಿಯೂ ಕಾಲೇಜುಗಳು ಹುಟ್ಟಿದವು. ಮುಂಬಯಿಯ ಕಾಲೇಜಿನ ವಿದ್ಯಾರ್ಥಿಗಳು ಪರೇಲದ ಬಾಯಿ ಸಕರಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯಲ್ಲಿ ಕಲಿತರು. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿಯ ಕನ್ನಡ ವಿದ್ಯಾರ್ಥಿಗಳಿಗೂ ತಮ್ಮ ಪ್ರಾಂತದ ಪಶುವೈದ್ಯ ಕಾಲೇಜೆಂದರೆ ಇದೇ ಆಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಕಾಲೇಜು ಸ್ಥಾಪನೆಯಾದುದು ೧೯೫೮ರಲ್ಲಿ. ನಗರದ ಆಸ್ಪತ್ರೆಗೆ ಬರುವ ಕುದುರೆ, ಎತ್ತು, ಹಸು, ನಾಯಿಗಳು ಒಂದೊಂದಾಗಿಯೇ ಬರುವುವು. ಹಿಂಡು ಆಸ್ಪತ್ರೆಯ ಬಾಗಿಲಿಗೆ ಬರುವುದಿಲ್ಲ.

ಹಿಂಡಿನ ಪ್ರಶ್ನೆಯನ್ನು ಸರಕಾರದ ಮುಂದೆ ತಂದುನಿಲ್ಲಿಸಿದುದು ದೊಡ್ಡರೋಗ. ಮರಾಠಿಯಲ್ಲಿ ಇದಕ್ಕೆ ಬುಳಕಾಂಡಿ ಎಂದು ಹೆಸರು. ವಿಪರೀತ ಜ್ವರ, ಬಾಯಿಯಲ್ಲಿ ಹುಣ್ಣು, ನಿಲ್ಲದ ಭೇದಿ, ಕೆಲವೇ ದಿನಗಳಲ್ಲಿ ಸಾವು. ಒಂದು ಕೊಟ್ಟಿಗೆಗೆ ಬಂದರೆ ಊರನ್ನೆಲ್ಲ ಬರಿದುಮಾಡುವ ಬೇನೆ ಅದು. ೧೮೭೧ರಲ್ಲಿ ದನಗಳ ಸಾಂಕ್ರಾಮಿಕ ರೋಗಗಳನ್ನು ಕುರಿತ ವಿಚಾರಣಾ ಆಯೋಗ ತನ್ನ ವರದಿಯನ್ನು ಸಲ್ಲಿಸಿತು. ೧೮೮೯ರ ಡಿಸೆಂಬರ್ ೯ರಂದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಸ್ಥಾಪಿತವಾಯಿತು. ಅದರ ಮೊದಲ ಮುಖ್ಯಸ್ಥರು ಆಲ್ಫ್ರೆಡ್ ಲಿಂಗಾರ್ಡ್. ಸೋಂಕುರೋಗಗಳ ಮೇಲಿನ ಪ್ರಯೋಗಗಳನ್ನು ಜನವಸತಿಯ ನಡುವೆ ನಡೆಸುವುದು ಅಪಾಯವೆಂದು ಕಂಡುದರಿಂದ ೧೮೯೩ರಲ್ಲಿ ಪ್ರಯೋಗಶಾಲೆಯನ್ನು ಕುಮಾಊಂ ಬೆಟ್ಟಗಳಲ್ಲಿರುವ ಮುಕ್ತೇಶ್ವರಕ್ಕೆ ಸಾಗಿಸಲಾಯಿತು. ಇಂದು ಬರೇಲಿಯ ಇಜ್ಜತ್‌ನಗರದಲ್ಲಿ ಕೇಂದ್ರವನ್ನು ಹೊಂದಿರುವ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಮೂಲ ಇದೇ.

ದೊಡ್ಡರೋಗದ ಮುಂದಿನ ಕಥೆ ಉತ್ಪಾದನಾ ವೈದ್ಯಕ್ಕೆ ಅಡಿಪಾಯದಂತಿದೆ. ರೋಗ ತಗಲಿದ ದನವನ್ನು ಗುಣಪಡಿಸುವ ಔಷಧ ಕೊನೆಯವರೆಗೂ ದೊರೆಯಲಿಲ್ಲ. ೧೯೨೦ರ ದಶಕದಲ್ಲಿ ಮುಕ್ತೇಶ್ವರದ ಎಡ್ವರ್ಡ್ಸ್ ಎಂಬವರು ರೋಗದ ವೈರಸ್ಸನ್ನು ಆಡುಗಳ ಮೈಯಲ್ಲಿ ಮೇಲಿಂದ ಮೇಲೆ ಬೆಳೆಸಿ, ದನಗಳ ಮಟ್ಟಿಗೆ ಅದರ ತೀಕ್ಷ್ಣತೆಯನ್ನು ಕುಗ್ಗಿಸಿ ಲಸಿಕೆಯನ್ನು ಸಿದ್ಧಪಡಿಸಿದರು. ೧೯೫೪ರಲ್ಲಿ ರಾಷ್ಟ್ರವ್ಯಾಪಿ ನಿರ್ಮೂಲನ ಕಾರ್ಯ ಆರಂಭವಾಯಿತು. ಭಾರತದಲ್ಲಿ ಕೊನೆಯ ಸಲ ಈ ರೋಗ ಕಾಣಿಸಿಕೊಂಡುದು ೧೯೯೫ರಲ್ಲಿ. ದೇಶವು ಸೋಂಕಿನಿಂದ ಮುಕ್ತವೆಂದು ಅಂತರರಾಷ್ಟ್ರೀಯ ಮನ್ನಣೆ ದೊರೆತುದು ೨೦೦೬ರಲ್ಲಿ. ಜಗತ್ತೇ ಮುಕ್ತವಾಯಿತೆಂಬ ಘೋಷಣೆ ಬಂದುದು ೨೦೧೧ರಲ್ಲಿ. ಸಿಡುಬಿನ ತರುವಾಯ ಮನುಷ್ಯನು ಭೂಮಿಯಿಂದ ಅಳಿಸಿದ ರೋಗ ಇದೊಂದೇ. ಊರೂರಿನ ಹಿಂಡಿಗೆ ಲಸಿಕೆ ಹಾಕಿ, ರಕ್ತವನ್ನು ಪರೀಕ್ಷಿಸಿ, ದನಗಳ ಸಂಚಾರವನ್ನು ಗಮನಿಸಿ, ಸುದ್ದಿ ಬಂದ ಕಡೆಗೆ ಓಡಿಹೋದ ಸಾವಿರಾರು ಪಶುವೈದ್ಯರ ಮತ್ತು ಲಸಿಕೆಗಾರರ ಕೆಲಸದಿಂದ ಇದು ಸಾಧ್ಯವಾಯಿತು.

೩

ಸಾಂಕ್ರಾಮಿಕ ಬೇನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬೀಳದ ನಷ್ಟಗಳನ್ನು ಹುಡುಕುವುದು ಹಿಂಡಿನ ವೈದ್ಯನ ಎರಡನೆಯ ಕೆಲಸ. ಸ್ವಾತಂತ್ರ್ಯಾನಂತರ ಇದರ ಅಗತ್ಯ ಹೆಚ್ಚಾಯಿತು. ಪುಣೆಯ ಸಮೀಪದ ಉರುಳಿಕಾಂಚನದಲ್ಲಿ ಗಾಂಧೀಜಿಯವರು ೧೯೪೬ರಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿ, ಅದರ ಹೊಣೆಯನ್ನು ಮಣಿಭಾಯಿ ದೇಸಾಯಿಯವರಿಗೆ ಒಪ್ಪಿಸಿದರು. ಅದೇ ಊರಿನಲ್ಲಿ ದೇಸಾಯಿಯವರು ೧೯೬೭ರಲ್ಲಿ ಬೈಫ್ ಸಂಸ್ಥೆಯನ್ನು ಸ್ಥಾಪಿಸಿದರು. ದ್ರವ ಸಾರಜನಕದಲ್ಲಿ, ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಕಾಪಿಟ್ಟ ಹೋರಿಯ ವೀರ್ಯವನ್ನು ರೈತನ ಮನೆಯ ಬಾಗಿಲಿಗೆ ಒಯ್ದು ಕೃತಕ ಗರ್ಭಧಾರಣೆ ಮಾಡುವ ಕ್ರಮವನ್ನು ಈ ಸಂಸ್ಥೆ ವ್ಯಾಪಕವಾಗಿ ಬಳಕೆಗೆ ತಂದಿತು. ಕರ್ನಾಟಕದಲ್ಲಿಯೂ ತಿಪಟೂರಿನ ಕಡೆ ಅದರ ಕೆಲಸ ನಡೆದಿದೆ. ಹೀಗೆ ಹುಟ್ಟಿದ ಮಿಶ್ರತಳಿಯ ಹಸು ಹೆಚ್ಚು ಹಾಲು ಕೊಡುತ್ತದೆ. ಆದರೆ ಖಿಲಾರಿ, ಡಾಂಗಿ ಮೊದಲಾದ ದೇಶೀ ತಳಿಗಳಂತೆ ಬಿಸಿಲನ್ನೂ ಉಣ್ಣೆಹುಳುವಿನಿಂದ ಬರುವ ಜ್ವರಗಳನ್ನೂ ತಾಳಲಾರದು. ಹಸು ಬದಲಾದುದರಿಂದ ವೈದ್ಯನೂ ಬದಲಾಗಬೇಕಾಯಿತು.

ಕಣ್ಣಿಗೆ ಕಾಣದ ನಷ್ಟಕ್ಕೆ ಎರಡು ಉದಾಹರಣೆಗಳು ಸಾಕು. ಮೊದಲನೆಯದು ಎರಡು ಕರುಗಳ ನಡುವಣ ಅಂತರ. ಹಸುವಿನ ಗರ್ಭಾವಧಿ ಸುಮಾರು ೨೮೦ ದಿನ. ಈದ ಮೇಲೆ ೮೫ ದಿನಗಳ ಸುಮಾರಿಗೆ ಮತ್ತೆ ಗಬ್ಬವಾದರೆ ವರ್ಷಕ್ಕೊಂದು ಕರುವಿನ ಲೆಕ್ಕ ಕೂಡುತ್ತದೆ. ಬೆದೆ ೨೧ ದಿನಗಳಿಗೊಮ್ಮೆ ಬರುವುದು. ಬಂದರೆ ಒಂದು ದಿನವೂ ಪೂರ್ತಿಯಾಗಿ ನಿಲ್ಲುವುದಿಲ್ಲ. ರಾತ್ರಿಯ ಹೊತ್ತು ಬಂದ ಬೆದೆಯನ್ನು ಮನೆಯವರು ಗಮನಿಸದಿದ್ದರೆ ಮೂರು ವಾರಗಳು ವ್ಯರ್ಥವಾದಂತೆ. ಹೀಗೆ ಮೇಲಿಂದ ಮೇಲೆ ತಪ್ಪಿ, ಅಂತರವು ೧೨ ತಿಂಗಳಿಂದ ೧೮ ತಿಂಗಳಿಗೆ ಏರಿದರೆ, ಮೂರು ವರ್ಷಗಳಲ್ಲಿ ಮೂರು ಸೂಲುಗಳಾಗಬೇಕಾದ ಹಸುವಿಗೆ ಎರಡೇ ಸೂಲು. ಹಸುವಿಗೆ ಯಾವ ರೋಗವೂ ಇಲ್ಲ. ಅದು ಮೇಯುತ್ತದೆ, ಮೆಲುಕು ಹಾಕುತ್ತದೆ. ಆದರೆ ಸಾಲ ಮಾಡಿ ಅದನ್ನು ಕೊಂಡವನಿಗೆ ಹಿಂಡಿ ಬೂಸಗಳ ಖರ್ಚು ನಿಲ್ಲುವುದಿಲ್ಲ, ಸಾಲದ ಕಂತೂ ನಿಲ್ಲುವುದಿಲ್ಲ, ಹಾಲು ಮಾತ್ರ ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ ಹೈನುಗಾರಿಕೆ ಮುಳುಗುವುದು ಹಸು ಸತ್ತುದರಿಂದಲ್ಲ, ಬರಡಾಗಿ ಬದುಕಿದ್ದುದರಿಂದ.

ಎರಡನೆಯದು ಕೆಚ್ಚಲು ಬಾವು. ಕೆಚ್ಚಲು ಊದಿ, ಹಾಲು ಒಡೆದು ಬಂದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಈ ರೋಗಕ್ಕೆ ಗುಪ್ತರೂಪವೂ ಉಂಟು. ಕೆಚ್ಚಲು ಸರಿಯಾಗಿಯೇ ಇರುತ್ತದೆ, ಹಾಲು ಬೆಳ್ಳಗೆಯೇ ಇರುತ್ತದೆ, ಅಳತೆ ಮಾತ್ರ ದಿನದಿನಕ್ಕೆ ಇಳಿಯುತ್ತದೆ. ಇದನ್ನು ಕಂಡುಹಿಡಿಯುವ ಪರೀಕ್ಷೆ ಬಹು ಸುಲಭ. ನಾಲ್ಕು ಬಟ್ಟಲುಗಳುಳ್ಳ ಹಲಗೆಯೊಂದರಲ್ಲಿ ನಾಲ್ಕು ಮೊಲೆಗಳ ಹಾಲನ್ನು ಬೇರೆ ಬೇರೆಯಾಗಿ ಕರೆದು, ಸಮಪ್ರಮಾಣದ ರಾಸಾಯನಿಕ ದ್ರವವನ್ನು ಬೆರೆಸಿ ಅಲುಗಿಸಿದರೆ, ಸೋಂಕಿರುವ ಮೊಲೆಯ ಹಾಲು ಲೋಳೆಯಂತೆ ಗಟ್ಟಿಯಾಗುತ್ತದೆ. ಸೋಂಕಿನೊಡನೆ ಹೋರಾಡಲು ಬಂದ ಬಿಳಿಯ ರಕ್ತಕಣಗಳು ಹಾಲಿನಲ್ಲಿ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಒಂದು ಕೊಟ್ಟಿಗೆಯ ಹಲವು ಹಸುಗಳಲ್ಲಿ ಇದು ಕಂಡುಬಂದರೆ ವೈದ್ಯನು ಸೂಜಿಮದ್ದಿಗೆ ಕೈ ಹಾಕುವ ಮೊದಲು ನೆಲವನ್ನು ನೋಡಬೇಕು, ಹಾಲು ಕರೆಯುವವರ ಕೈಯನ್ನು ನೋಡಬೇಕು, ಯಾವ ಹಸುವನ್ನು ಮೊದಲು ಕರೆಯುತ್ತಾರೆ ಎಂದು ವಿಚಾರಿಸಬೇಕು. ಸೋಂಕಿನ ಹಸುವನ್ನು ಕೊನೆಗೆ ಕರೆಯುವ ಒಂದು ಏರ್ಪಾಟಿನಿಂದ ಸೋಂಕು ಹರಡುವುದು ಎಷ್ಟೋ ತಗ್ಗುತ್ತದೆ.

೪

ಹಿಂಡಿನ ವೈದ್ಯವನ್ನು ಕಲಿಸಲು ಹಂದಿಯಷ್ಟು ಒಳ್ಳೆಯ ಗುರು ಬೇರಾವ ಪ್ರಾಣಿಯೂ ಇಲ್ಲವೆಂದರೆ ಅತಿಶಯೋಕ್ತಿಯಾಗದು. ಹಂದಿಯ ಗರ್ಭಾವಧಿ ೧೧೪ ದಿನ, ಎಂದರೆ ಮೂರು ತಿಂಗಳು, ಮೂರು ವಾರ, ಮೂರು ದಿನ. ಒಂದು ಸೂಲಿಗೆ ಎಂಟರಿಂದ ಹನ್ನೆರಡು ಮರಿಗಳಾಗುವುದು ಸಾಮಾನ್ಯ. ಇಲ್ಲಿ ಲಾಭನಷ್ಟಗಳನ್ನು ನಿರ್ಣಯಿಸುವುದು ಹುಟ್ಟಿದ ಮರಿಗಳಲ್ಲಿ ಹಾಲು ಬಿಡುವವರೆಗೆ ಉಳಿದವು ಎಷ್ಟು ಎಂಬ ಒಂದೇ ಸಂಖ್ಯೆ. ಮರಿಗಳು ಸಾಯುವುದು ಬಹುಪಾಲು ಮೊದಲ ಕೆಲವು ದಿನಗಳಲ್ಲಿಯೇ, ಚಳಿಯಿಂದ, ಹಸಿವಿನಿಂದ, ತಾಯಿಯ ಮೈಯಡಿ ಸಿಕ್ಕಿ. ಆದುದರಿಂದ ಮರಿಗಳಿಗೆ ೩೦ ಡಿಗ್ರಿಗಿಂತ ಮೇಲಿನ ಬೆಚ್ಚನೆಯ ಮೂಲೆ, ತಾಯಿ ಮಲಗಿದಾಗ ಮರಿಗಳು ಸರಿದುಕೊಳ್ಳಲು ಗೋಡೆಯುದ್ದಕ್ಕೂ ಒಂದು ಅಡ್ಡಕೊಳವೆ, ಹುಟ್ಟಿದ ಕೂಡಲೆ ಗಿಣ್ಣುಹಾಲು, ಇವು ಇಲ್ಲಿಯ ಮೊದಲ ಔಷಧಗಳು. ಮರಿಗೆ ದಿನವೊಂದಕ್ಕೆ ಸುಮಾರು ೭ ಮಿಲಿಗ್ರಾಂ ಕಬ್ಬಿಣ ಬೇಕು. ತಾಯಿಯ ಹಾಲಿನಿಂದ ದೊರೆಯುವುದು ಸುಮಾರು ಒಂದೇ ಮಿಲಿಗ್ರಾಂ. ಮಣ್ಣಿನಲ್ಲಿ ಹೊರಳುವ ಮರಿ ಕೊರತೆಯನ್ನು ಮಣ್ಣಿನಿಂದ ತುಂಬಿಕೊಳ್ಳುತ್ತದೆ. ಸಿಮೆಂಟಿನ ನೆಲದ ಮೇಲಿನ ಮರಿ ರಕ್ತಹೀನವಾಗುತ್ತದೆ. ಮೂರನೆಯ ದಿನದ ಸುಮಾರಿಗೆ ಕೊಡುವ ಒಂದು ಕಬ್ಬಿಣದ ಚುಚ್ಚುಮದ್ದು ಇದನ್ನು ತಡೆಯುತ್ತದೆ. ಸಾಕಣೆಯ ರೀತಿಯಿಂದಲೇ ರೋಗ ಹುಟ್ಟುವುದೆಂಬ ತತ್ತ್ವವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪಾಠ ದೊರೆಯುವುದು ಕಷ್ಟ.

ಹಂದಿಯ ರೋಗಗಳಲ್ಲಿ ಮನುಷ್ಯನ ಹಿತವೂ ಅಡಗಿದೆ. ಮಿದುಳುಜ್ವರಗಳಲ್ಲಿ ಒಂದಾದ ಜಪಾನೀ ಎನ್ಸೆಫಲೈಟಿಸಿನ ವೈರಸ್ಸು ಹಂದಿಯ ಮೈಯಲ್ಲಿ ಹೆಚ್ಚಿ, ಸೊಳ್ಳೆಯ ಮೂಲಕ ಮನುಷ್ಯನಿಗೆ ತಲಪುತ್ತದೆ. ಬೆಳೆದ ಹಂದಿ ಕಾಯಿಲೆ ಬಿದ್ದಂತೆ ಕಾಣದಿದ್ದರೂ ಗಬ್ಬದ ಹಂದಿ ಸತ್ತ ಮರಿಗಳನ್ನು ಹಾಕಬಹುದು. ೧೯೫೨ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರವಾಗಿ ಆರಂಭವಾದ, ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯು ಈ ಬಗೆಯ ರೋಗಗಳ ಅಧ್ಯಯನಕ್ಕೆ ಹೆಸರಾಗಿದೆ. ೨೦೨೦ರಲ್ಲಿ ಈಶಾನ್ಯ ಭಾರತವನ್ನು ಹೊಕ್ಕ ಆಫ್ರಿಕದ ಹಂದಿಜ್ವರ ಮನುಷ್ಯನಿಗೆ ತಗಲುವುದಿಲ್ಲ. ಆದರೆ ಅದು ಹೊಕ್ಕ ದೊಡ್ಡಿಯಲ್ಲಿ ಉಳಿಯುವ ಹಂದಿಗಳು ಕೆಲವೇ. ಹೋಟೆಲಿನ ಎಂಜಲನ್ನು ಕುದಿಸದೆ ತಿನ್ನಿಸದಿರುವುದು, ಹೊಸದಾಗಿ ತಂದ ಹಂದಿಯನ್ನು ಕೆಲವು ವಾರ ಬೇರೆಯಾಗಿಡುವುದು, ಹೊರಗಿನವರ ಕಾಲನ್ನು ದೊಡ್ಡಿಯ ಹೊರಗೇ ತಡೆಯುವುದು, ಇಂಥ ಎಚ್ಚರಗಳೇ ಅದಕ್ಕೆ ಮುಖ್ಯ ಪ್ರತೀಕಾರ.

ಇಷ್ಟಾದರೂ ನಮ್ಮ ವಿದ್ಯಾರ್ಥಿಗಳಿಗೆ ಹಂದಿಯ ಪರಿಚಯ ಕಡಮೆ. ೨೦೧೯ರ ಜಾನುವಾರು ಗಣತಿಯಂತೆ ದೇಶದಲ್ಲಿ ದನಗಳು ಸುಮಾರು ೧೯ ಕೋಟಿ, ಎಮ್ಮೆಗಳು ಸುಮಾರು ೧೧ ಕೋಟಿ, ಹಂದಿಗಳು ಸುಮಾರು ೯೦ ಲಕ್ಷ. ಸಂಖ್ಯೆ ಅಲ್ಪವೆಂಬುದು ಒಂದು ಕಾರಣ. ಹೇಳಲು ಸಂಕೋಚಪಡುವ ಕಾರಣ ಇನ್ನೊಂದುಂಟು. ಕೊಡಗಿನಂಥ ಕೆಲವು ಕಡೆ ಹಂದಿಯ ಮಾಂಸಕ್ಕೆ ಮನ್ನಣೆಯಿದ್ದರೂ ಕನ್ನಡ ಮರಾಠಿ ನಾಡುಗಳ ಹೆಚ್ಚಿನ ಭಾಗದಲ್ಲಿ ಹಂದಿಯನ್ನು ಸಾಕುತ್ತ ಬಂದವರು ಊರ ಅಂಚಿನಲ್ಲಿ ಬದುಕಿದ ಬಡ ಸಮುದಾಯದವರು. ಪ್ರಾಣಿಯ ಮೇಲಿನ ಹೇಸಿಕೆ ಸಾಕುವವರ ಮೇಲಿನ ಉಪೇಕ್ಷೆಯೊಡನೆ ಬೆರೆತುಕೊಂಡಿದೆ. ಹಸುವಿನ ಕೊಟ್ಟಿಗೆಗೆ ಹೋಗುವಷ್ಟೇ ಸಹಜವಾಗಿ ಹಂದಿಯ ದೊಡ್ಡಿಗೆ ಹೋಗಲಾರದ ವೈದ್ಯನು ಆ ಜನರ ಪಾಲಿಗೆ ಇಲ್ಲದವನೇ ಸರಿ. ಈ ಸಂಕೋಚವನ್ನು ಬಿಡಿಸುವುದೂ ಶಿಕ್ಷಣದ ಭಾಗವೇ.

೫

ಹೀಗಿರಲು, ಈ ವಿದ್ಯೆಯನ್ನು ಎಲ್ಲಿ ಹೇಗೆ ಕಲಿಸುವುದು? ೧೯೮೪ರ ಅಧಿನಿಯಮದ ಮೇರೆಗೆ ಏರ್ಪಟ್ಟ ಭಾರತೀಯ ಪಶುವೈದ್ಯ ಪರಿಷತ್ತು ಶಿಕ್ಷಣದ ಮಟ್ಟವನ್ನು ಗೊತ್ತುಪಡಿಸುತ್ತದೆ. ಅದರ ೨೦೧೬ರ ನಿಯಮಗಳಂತೆ ಪದವಿಯ ಅವಧಿ ಐದೂವರೆ ವರ್ಷ. ಇದರಲ್ಲಿ ಕೊನೆಯ ಒಂದು ವರ್ಷ ಪ್ರತ್ಯಕ್ಷ ತರಬೇತಿ. ಪ್ರತಿಯೊಂದು ಕಾಲೇಜಿಗೂ ಚಿಕಿತ್ಸಾಲಯವಿರಬೇಕು, ದನ, ಆಡು, ಕುರಿ, ಕೋಳಿ ಮೊದಲಾದವುಗಳ ಸಾಕಣೆಯ ಕ್ಷೇತ್ರವಿರಬೇಕು, ಹಳ್ಳಿಗಳಿಗೆ ಹೋಗಿಬರುವ ಸಂಚಾರಿ ಚಿಕಿತ್ಸೆಯ ವ್ಯವಸ್ಥೆಯಿರಬೇಕು. ಪುಣೆಗೆ ಸಮೀಪದ ಕಾಲೇಜೆಂದರೆ ಬೆಂಗಳೂರಿನ ಹೆದ್ದಾರಿಯಲ್ಲಿ, ಸಾತಾರಾ ಜಿಲ್ಲೆಯ ಶಿರವಳದಲ್ಲಿ ೧೯೮೮ರಲ್ಲಿ ಸ್ಥಾಪಿತವಾದ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯ ಕಾಲೇಜು. ಪುಣೆಯ ಔಂಧದಲ್ಲಿ ರಾಜ್ಯದ ಲಸಿಕೆಗಳನ್ನು ತಯಾರಿಸುವ ಸಂಸ್ಥೆಯೂ ರೋಗನಿದಾನದ ಪ್ರಯೋಗಶಾಲೆಯೂ ಇವೆ. ಕಲಿಕೆಗೆ ಬೇಕಾದ ಸಲಕರಣೆಗಳು ಈ ಪರಿಸರದಲ್ಲಿ ದುರ್ಲಭವಲ್ಲ.

ದುರ್ಲಭವಾದುದು ಹಿಂಡು. ಅಮೆರಿಕದ ಅಯೋವಾ, ಮಿನೆಸೋಟಾ ಮೊದಲಾದ ರಾಜ್ಯಗಳಲ್ಲಿ ಒಂದೇ ಸೂರಿನಡಿ ಸಾವಿರಾರು ಹಂದಿಗಳಿರುತ್ತವೆ. ಅಲ್ಲಿಯ ವಿದ್ಯಾರ್ಥಿಯನ್ನು ಅಂಥ ಕ್ಷೇತ್ರಕ್ಕೆ ಕೆಲವು ವಾರ ಕಳುಹಿಸಿ, ಲೆಕ್ಕಪತ್ರಗಳನ್ನು ಕೈಗಿತ್ತು, ನಷ್ಟದ ಮೂಲವನ್ನು ಹುಡುಕೆಂದು ಹೇಳುವುದು ಸುಲಭ. ಇಲ್ಲಿ ಒಬ್ಬ ರೈತನಿಗೆ ಎರಡು ಹಸು, ಪಕ್ಕದವನಿಗೆ ಮೂರು ಎಮ್ಮೆ. ಹಿಂಡೆಂಬುದು ಒಂದು ಕೊಟ್ಟಿಗೆಯಲ್ಲಿ ಕಾಣಿಸುವುದಿಲ್ಲ. ಆದರೆ ಅದು ಇಲ್ಲವೆಂದು ಭಾವಿಸುವುದು ತಪ್ಪು. ಊರಿನ ದನಗಳೆಲ್ಲ ಒಂದೇ ಕೆರೆಯ ನೀರು ಕುಡಿಯುತ್ತವೆ, ಒಂದೇ ಗೋಮಾಳದಲ್ಲಿ ಮೇಯುತ್ತವೆ, ಒಂದೇ ಸಂತೆಯಲ್ಲಿ ಕೈ ಬದಲಾಗುತ್ತವೆ. ಊರೇ ಹಿಂಡು, ಅದು ಬೆಳಗು ಬೈಗು ಒಂದುಗೂಡುವ ಸ್ಥಳ ಹಾಲಿನ ಡೇರಿ. ಯಾರ ಮನೆಯ ಹಾಲು ಎಷ್ಟು, ಕೊಬ್ಬಿನ ಅಂಶ ಎಷ್ಟು, ಯಾವ ವಾರದಿಂದ ಇಳಿಯಿತು ಎಂಬುದೆಲ್ಲ ಅಲ್ಲಿಯ ಪುಸ್ತಕದಲ್ಲಿದೆ. ಈಗ ದನದ ಕಿವಿಗೆ ಹಾಕುವ ಹನ್ನೆರಡು ಅಂಕಿಗಳ ಬಿಲ್ಲೆಯಿಂದ ಒಂದೊಂದು ಪ್ರಾಣಿಯ ಲಸಿಕೆ, ಗರ್ಭಧಾರಣೆ, ಸೂಲುಗಳ ವಿವರವನ್ನೂ ಗುರುತಿಸುವ ಅನುಕೂಲವಿದೆ. ಈ ಪುಸ್ತಕಗಳನ್ನು ಓದಲು ಕಲಿಯುವುದು ನಾಡಿಮಿಡಿತವನ್ನು ನೋಡಲು ಕಲಿಯುವಷ್ಟೇ ಮುಖ್ಯ. ವಿದ್ಯಾರ್ಥಿಗೆ ಒಂದು ಊರನ್ನು ವರ್ಷವಿಡೀ ಒಪ್ಪಿಸಿ, ಆರಂಭದಲ್ಲಿ ಗಬ್ಬವಿಲ್ಲದ ಹಸುಗಳೆಷ್ಟು, ಸತ್ತ ಕರುಗಳೆಷ್ಟು, ಕೊನೆಯಲ್ಲಿ ಎಷ್ಟು ಎಂದು ಲೆಕ್ಕ ಕೇಳುವ ಪದ್ಧತಿ ನಮ್ಮ ದೇಶಕ್ಕೆ ಹೊಂದುವ ಪದ್ಧತಿ.

ನೆಲೆನಿಲ್ಲದ ಹಿಂಡುಗಳೂ ಉಂಟು. ಮಳೆ ಕಡಮೆಯಾದ ಸೀಮೆಗಳ ಧನಗರರು ಡೆಕ್ಕನಿ ಕುರಿಗಳನ್ನು ಹೊಡೆದುಕೊಂಡು ವರ್ಷದ ಹಲವು ತಿಂಗಳು ಸಂಚಾರದಲ್ಲಿರುತ್ತಾರೆ. ಇವರ ಬಿರೋಬಾ ಮತ್ತು ಕನ್ನಡ ಕುರುಬರ ಬೀರಪ್ಪ ಒಂದೇ ದೈವವೆಂಬುದನ್ನು ವಾಚಕರು ಬಲ್ಲರು. ಈ ಹಿಂಡುಗಳಿಗೆ ಇಂದು ದೊಡ್ಡ ಭಯ ಆಡುಕುರಿಗಳ ಪ್ಲೇಗು. ದೊಡ್ಡರೋಗದ ವೈರಸ್ಸಿಗೆ ದಾಯಾದಿಯಾದ ವೈರಸ್ಸಿನಿಂದ ಬರುವ ಈ ರೋಗವನ್ನು ಭಾರತದಲ್ಲಿ ಗುರುತಿಸಿದುದು ೧೯೮೭ರಲ್ಲಿ, ತಮಿಳುನಾಡಿನಲ್ಲಿ. ಇದಕ್ಕೆ ಒಳ್ಳೆಯ ಲಸಿಕೆಯಿದೆ. ೨೦೩೦ರೊಳಗೆ ಜಗತ್ತಿನಿಂದ ಇದನ್ನು ತೊಲಗಿಸಬೇಕೆಂಬ ಸಂಕಲ್ಪವೂ ಇದೆ. ಆದರೆ ಹಿಂಡು ಯಾವ ತಿಂಗಳು ಯಾವ ದಾರಿಯಲ್ಲಿರುತ್ತದೆಂದು ತಿಳಿಯದ ವೈದ್ಯನ ಕೈಯಲ್ಲಿ ಲಸಿಕೆ ಇದ್ದೂ ಇಲ್ಲದಂತೆ. ಕುರಿಗಾರನಿಂದ ದಾರಿಯನ್ನು ಕೇಳಿ ತಿಳಿಯುವ ವಿನಯ ವಿದ್ಯಾರ್ಥಿಗೆ ಬರಬೇಕು.

೬

ಕೊನೆಯದಾಗಿ, ಉಣ್ಣುವವನ ವಿಚಾರ. ಹಾಲು ಕರೆಯುವ ಹಸುವಿಗೆ ಪ್ರತಿಜೈವಿಕ ಔಷಧವನ್ನು ಕೊಟ್ಟರೆ ಕೆಲವು ದಿನ ಅದರ ಅಂಶ ಹಾಲಿನಲ್ಲಿ ಇಳಿಯುತ್ತದೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಹೆಪ್ಪುಗಟ್ಟದು. ಅದನ್ನು ದಿನವೂ ಕುಡಿಯುವವರ ಮೈಯಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯುವ ಅಪಾಯವೂ ಉಂಟು. ಮನುಷ್ಯನಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಭಾರತ ಸರಕಾರ ೨೦೧೯ರಲ್ಲಿ ನಿಷೇಧಿಸಿದುದು ಈ ಕಾರಣದಿಂದಲೇ. ಡೈಕ್ಲೊಫೆನಾಕಿನ ಕಥೆ ಇನ್ನೂ ಎಚ್ಚರ ಹುಟ್ಟಿಸತಕ್ಕದ್ದು. ದನದ ನೋವನ್ನು ಇಳಿಸುವ ಈ ಅಗ್ಗದ ಔಷಧವನ್ನು ಕೊಟ್ಟ ದನ ಸತ್ತಾಗ ಅದರ ಮಾಂಸವನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತುವು. ಕೆಲವು ಜಾತಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹಕ್ಕಿಗಳು ಅಳಿದುವು. ಪಶುಗಳಿಗೆ ಅದರ ಬಳಕೆ ೨೦೦೬ರಲ್ಲಿ ನಿಷಿದ್ಧವಾಯಿತು. ಎದುರಿಗಿದ್ದ ಒಂದು ದನದ ಮಟ್ಟಿಗೆ ಆ ಚಿಕಿತ್ಸೆ ಸರಿಯಾಗಿಯೇ ಇತ್ತು. ಆ ದನದಾಚೆಗೆ ಕಣ್ಣು ಹಾಯದಿದ್ದುದೇ ಕೊರತೆ.

ಹಿಂಡಿನ ವೈದ್ಯವನ್ನು ಕಲಿಸುವುದೆಂದರೆ ಒಂಟಿ ಹಸುವಿನ ಚಿಕಿತ್ಸೆಯನ್ನು ಕೈಬಿಡುವುದಲ್ಲ. ಎರಡೇ ಹಸುಗಳಿರುವ ಮನೆಯಲ್ಲಿ ಒಂದು ನೆಲಕ್ಕೆ ಬಿದ್ದರೆ ಅರ್ಧ ಸಂಸಾರವೇ ಬಿದ್ದಂತೆ; ಆ ಹೊತ್ತಿಗೆ ಲೆಕ್ಕದ ಪುಸ್ತಕ ಹಿಡಿದು ಬರುವ ವೈದ್ಯ ಯಾರಿಗೂ ಬೇಡ. ಬಿದ್ದ ಹಸುವನ್ನು ಎಬ್ಬಿಸಬಲ್ಲ ಕೈ ಮೊದಲು ಬೇಕು. ಅದು ಏಕೆ ಬಿದ್ದಿತು, ಪಕ್ಕದ ಕೊಟ್ಟಿಗೆಯಲ್ಲಿ ಮುಂದೆ ಬೀಳುವುದು ಯಾವುದು ಎಂದು ಕೇಳುವ ಬುದ್ಧಿ ಅದರ ಜೊತೆಗೆ ಬರಬೇಕು. ಮೊದಲನೆಯದನ್ನು ಆಸ್ಪತ್ರೆ ಕಲಿಸಬಲ್ಲುದು. ಎರಡನೆಯದನ್ನು ಕಲಿಸಬಲ್ಲದ್ದು ಊರು. ವಿದ್ಯಾರ್ಥಿಯನ್ನು ಸಾಕಷ್ಟು ಕಾಲ ಅಲ್ಲಿ ನಿಲ್ಲಿಸುವ ಹೊಣೆ ಕಾಲೇಜುಗಳದು.